ಸರ್ವೆಯರ್ ಮನೆಯ ನೇರಳೆ ಮರ

ಒಂದು ನೇರಳೆ ಮರದ ಕೆಳಗೆ ಹತ್ತೊಂಬತ್ತು ವರ್ಷ ಕಸ ಗುಡಿಸಿದವನು ನಾನು. ಮರ ಪಕ್ಕದ ಮನೆಯವರದು, ಎಲೆ ಮಾತ್ರ ನನ್ನದು. ಚಳಿ ಮುಗಿಯುವಾಗ ಎಲೆ, ಬೇಸಿಗೆಯಲ್ಲಿ ಹೂವಿನ ಹುಡಿ, ಮುಂಗಾರು ಹಿಡಿಯುವ ಹೊತ್ತಿಗೆ ಹಣ್ಣು, ಹಣ್ಣಿನ ಹಿಂದೆಯೇ ಬಾವಲಿ, ಬಾವಲಿ ಬಂದು ಹೋದ ಮೇಲೆ ಗೋಡೆ ತುಂಬ ಕಲೆ. ಬೆಳಿಗ್ಗೆ ಆರಕ್ಕೆ ಎದ್ದು ಗುಡಿಸಿ, ಸ್ನಾನ ಮಾಡಿ, ಚನ್ನಗಿರಿ ಸ್ಟ್ಯಾಂಡಿನಲ್ಲಿ ತ್ಯಾವಣಿಗೆಯ ಬಸ್ಸು ಹಿಡಿದು, ಹೈಸ್ಕೂಲಿನಲ್ಲಿ ದಿನಕ್ಕೆ ಐದಾರು ಪಿರಿಯಡ್ಡು ಗಂಟಲು ಹರಿದುಕೊಂಡು ಸಂಜೆ ಮನೆಗೆ ಬಂದರೆ ಅಂಗಳ ಬೆಳಿಗ್ಗೆ ಇದ್ದ ಹಾಗೇ ಇರುತ್ತಿತ್ತು. ನನ್ನ ನಿವೃತ್ತಿಗೆ ಇನ್ನೂ ಎರಡು ವರ್ಷವಿದೆ. ಸೊಂಟ ಮಾತ್ರ ಕಾಯದೆ ಮೊದಲೇ ನಿವೃತ್ತಿ ತೆಗೆದುಕೊಂಡಿದೆ.

ಮರದ ಯಜಮಾನರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತಾಗಲೆಲ್ಲ ನನಗೆ ಮೊದಲು ನೆನಪಾಗುವುದು ಜಗಳ. ಸತ್ತವರ ಬಗ್ಗೆ ಒಳ್ಳೆಯದೇ ಮೊದಲು ನೆನಪಾಗಬೇಕಂತೆ. ಏನು ಮಾಡಲಿ, ನನ್ನ ನೆನಪು ಪೊರಕೆಯಿಂದಲೇ ಶುರುವಾಗುತ್ತದೆ.

ಅವರು ಸರ್ಕಾರಿ ಸರ್ವೆಯರ್. ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲ ಸುತ್ತಿ, ಮೂವತ್ತೈದು ವರ್ಷ ಜನರ ಹೊಲಗಳ ಮೇಲೆ ಅಳತೆಯ ಚೈನು ಎಳೆದು, ಕೊನೆಗೆ ಚನ್ನಗಿರಿಯಲ್ಲಿ ನೆಲೆ ನಿಂತವರು. ಬೀದಿಗೆಲ್ಲ ಅವರು ಸರ್ವೆ ಸಾಹೇಬರು. ಕೃಶ ಶರೀರ, ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು, ಕೈಯಲ್ಲಿ ಕೊಡೆ. ಆ ಕೊಡೆಯನ್ನು ಅವರು ಬಿಚ್ಚಿದ್ದನ್ನು ನಾನು ಕಂಡಿದ್ದು ಕಡಿಮೆ. ಅದು ದಿಕ್ಕು ತೋರಿಸಲು, ನೆಲ ಕುಟ್ಟಿ ನೋಡಲು, ನಾಯಿ ಓಡಿಸಲು. ಮಳೆ ಬಂದರೆ ಯಾರದಾದರೂ ಸೂರಿನ ಕೆಳಗೆ ನಿಲ್ಲುವರು.

ಅವರ ನಡಿಗೆಯೂ ಒಂದು ಅಳತೆಯೇ. ಹಾಲಿನ ಡೈರಿಯಿಂದ ನಮ್ಮ ಗೇಟಿಗೆ ಎಷ್ಟು ದೂರ, ಬಸ್‌ಸ್ಟ್ಯಾಂಡಿಗೆ ಎಷ್ಟು ದೂರ ಎಂದು ಕೇಳಿದರೆ ಅಡಿಯಲ್ಲಿ ಹೇಳುವರು.

"ನನ್ನ ಹೆಜ್ಜೆ ಎರಡೂವರೆ ಅಡಿ ರೀ ಮೇಷ್ಟ್ರೆ. ಸರ್ವೀಸಿಗೆ ಸೇರಿದ ದಿನದಿಂದ ಒಂದಿಂಚು ಹೆಚ್ಚುಕಮ್ಮಿ ಆಗಿಲ್ಲ."

ಕೊನೆಕೊನೆಗೆ ಮಂಡಿ ನೋವು ಬಂದು ನಡಿಗೆ ಗಿಡ್ಡವಾಯಿತು. ಒಂದು ದಿನ ಗೇಟಿನ ಹತ್ತಿರ ನಿಂತು, ಯಾರೋ ಸತ್ತ ಸುದ್ದಿ ಹೇಳುವ ದನಿಯಲ್ಲಿ, "ಈಗ ಎರಡಡಿಗೆ ಬಂದೈತೆ ರೀ" ಎಂದರು. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ಸಂಜೆ ಹೊತ್ತು ನಮ್ಮ ಕಟ್ಟೆಯ ಮೇಲೆ ಬಂದು ಕೂರುವರು. ಗಂಟೆಗಟ್ಟಲೆ ಮಾತು. ಆದರೆ ಹೆಂಡತಿ ಕಾಫಿ ತಂದರೆ ಮಾತ್ರ ಕೈ ಅಡ್ಡ. "ಬ್ಯಾಡ ತಾಯಿ, ಈಗಷ್ಟೇ ಆತು." ನೀರು ಕೊಟ್ಟರೂ ಬೇಡ. ಬುದ್ಧ ಪೂರ್ಣಿಮೆಯ ಪಾಯಸ ಕೊಟ್ಟರೂ ಬೇಡ. ನಮ್ಮ ಮನೆತನ ಬೌದ್ಧರಾಗಿ ಒಂದು ತಲೆಮಾರು ಕಳೆಯಿತು. ಆದರೆ ಲೋಟ ಬೇರೆ ಇಡುವವರ ಕಣ್ಣಿಗೆ ನಾವು ಹಳೇ ಜಾತಿಯವರೇ. ಅಂಥ 'ಬ್ಯಾಡ'ಗಳನ್ನು ಕೇಳಿಕೊಂಡೇ ನಾನು ಬೆಳೆದದ್ದು, ಕಿವಿಗೆ ಅದರ ಗುರುತು ಬೇಗ ಹತ್ತುತ್ತದೆ. ಇದೂ ಅದೇ ಎಂದು ನಾನು, ನನ್ನ ಹೆಂಡತಿ ಇಬ್ಬರೂ ತೀರ್ಮಾನಿಸಿಬಿಟ್ಟಿದ್ದೆವು. ಕಟ್ಟೆಯ ಮೇಲೆ ಕೂತು ಇಷ್ಟು ಸಲಿಗೆಯಿಂದ ಮಾತಾಡುವ ಮನುಷ್ಯ ಒಂದು ಲೋಟ ನೀರಿಗೆ ಅಷ್ಟು ಹಿಂಜರಿಯುವುದು ಕಂಡು ಸಿಟ್ಟು ಬರುತ್ತಿತ್ತು. ನಗುನಗುತ್ತ ತಟ್ಟೆ ವಾಪಸು ಒಯ್ದ ಹೆಂಡತಿ, ಅವರು ಎದ್ದು ಹೋದ ಮೇಲೆ ಆ ಕಾಫಿಯನ್ನು ಸಿಂಕಿಗೆ ಸುರಿಯುವಳು.

ಅವರು ಹೇಳುತ್ತಿದ್ದ ಕಥೆಗಳಲ್ಲಿ ಒಂದನ್ನು ಇಲ್ಲಿ ಬರೆಯಲೇಬೇಕು. ಸಾಸ್ವೆಹಳ್ಳಿ ಕಡೆಯ ಇಬ್ಬರು ಅಣ್ಣತಮ್ಮಂದಿರು. ನಡುವೆ ಒಂದು ಬದುವಿನ ತಕರಾರು. ಇವರು ಹೋಗಿ ಅಳೆದರು. ಅಣ್ಣನ ಮೂರಡಿ ಜಾಗ ತಮ್ಮನ ಕಡೆ ಸೇರಿತ್ತು. ಕಲ್ಲು ಹಾಕಿಸಿ, ನಕ್ಷೆ ಬರೆದು, ಬಂದುಬಿಟ್ಟರು. ಕೆಲಸ ಚೊಕ್ಕವಾಗಿತ್ತು. ಆರೇಳು ವರ್ಷ ಕಳೆದ ಮೇಲೆ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಆ ಅಣ್ಣ ಎದುರಾದನಂತೆ.

"ನನ್ನ ಕೈ ಹಿಡಕಂಡು ಬೈದ ರೀ. ಆ ಮೂರಡಿ ಇಸ್ಕಂಡು ನನ್ನ ತಮ್ಮನ್ನ ಕಳಕಂಡೆ. ಅವನ ಮಗಳ ಮದುವಿಗೆ ನಾನು ಹೋಗಲಿಲ್ಲ, ನಮ್ಮವ್ವನ ಮಣ್ಣಿಗೆ ಅವನು ಬರಲಿಲ್ಲ. ನೀನು ಒಂದು ಸುಳ್ಳಾದ್ರೂ ಹೇಳಬಾರದಾಗಿತ್ತಾ ಅಂದ."

"ನೀವೇನಂದ್ರಿ?" ಎಂದೆ.

"ಚೈನು ಎಳೆದ ಮ್ಯಾಲೆ ಸುಳ್ಳು ಹೇಳಾಕೆ ಬರಲ್ಲ ಅಂದೆ. ಎಳಿಯೋಕೆ ಮುಂಚೆ ಯೋಚ್ನೆ ಮಾಡ್ಬೇಕಪ್ಪ ಅಂದೆ."

ಇದನ್ನು ಹೇಳಿ ಮುಗಿಸಿದಾಗಲೆಲ್ಲ ಕೊಡೆಯ ತುದಿಯಿಂದ ನಮ್ಮ ಕಟ್ಟೆಯ ಬಿರುಕಿನಲ್ಲಿದ್ದ ಮಣ್ಣನ್ನು ಕೆದಕುತ್ತ ಕೂರುವರು. ನನಗೆ ಬಸ್ಸಿನ ಕುಲುಕಾಟಕ್ಕೆ ಮೈಯೆಲ್ಲ ನೋಯುತ್ತಿರುತ್ತಿತ್ತು. ಯಾವಾಗ ಎದ್ದು ಹೋಗುತ್ತಾರೋ ಎಂದು ಕಾಯುತ್ತಿದ್ದೆ.

ಇನ್ನು ಮರದ ವಿಷಯ. ನಮ್ಮ ಬಡಾವಣೆ ಹಿಂದೆ ಹೊಲವಾಗಿತ್ತು. ಹೊಲ ಒಡೆದು ಸೈಟು ಮಾಡಿದಾಗ ಈ ನೇರಳೆ ಒಂದು ಹೇಗೋ ಉಳಿದುಕೊಂಡಿತು. ನಾನು ಕಟ್ಟಿದ ಮನೆಯನ್ನೇ ಕೊಂಡವನು. ಆಗ ಪಕ್ಕದ್ದು ಖಾಲಿ ಸೈಟು. ಮರುವರ್ಷ ಇವರು ಅದನ್ನು ಕೊಂಡು ಮನೆ ಕಟ್ಟಿಸಿದರು. ಬುಡ ಅವರ ಕಡೆ, ನಮ್ಮ ಕಾಂಪೌಂಡಿಗೆ ಅಂಟಿಕೊಂಡೇ ಇದೆ. ಮೂರು ದೊಡ್ಡ ಕೊಂಬೆ ಗೋಡೆ ದಾಟಿ ನಮ್ಮ ಕಡೆ ಚಾಚಿದ್ದವು. ಗೋಡೆಯಿಂದ ನಮ್ಮ ಅಡುಗೆಮನೆಗೆ ನಾಲ್ಕಡಿ ಅಗಲದ ಉದ್ದನೆಯ ಅಂಗಳ. ಪಾತ್ರೆ ತೊಳೆಯುವುದು, ಬಟ್ಟೆ ಒಣಗಿಸುವುದು ಎಲ್ಲ ಅಲ್ಲೇ. ನನ್ನ ಬಿಳಿ ಅಂಗಿಗಳಲ್ಲಿ ನೇರಳೆ ಕಲೆ ಇಲ್ಲದ್ದು ಒಂದೂ ಉಳಿದಿರಲಿಲ್ಲ. ಮಕ್ಕಳು ಹಿಂದಿನಿಂದ ಚುಕ್ಕಿ ಮೇಷ್ಟ್ರು ಎನ್ನುವುದು ನನಗೆ ಗೊತ್ತಿತ್ತು.

ಕೊಂಬೆ ಕಡಿಸಿ ಎಂದು ಮೊದಲ ವರ್ಷವೇ ಕೇಳಿದೆ. ಕೊಡೆ ಎತ್ತಿ ಮರವನ್ನು ಬುಡದಿಂದ ತುದಿವರೆಗೆ ತೋರಿಸಿದರು.

"ಇದು ದಾಖಲೆನಾಗಿರೋ ಮರ ರೀ. ಹಳೇ ನಕ್ಷೆನಾಗೆ ಬಾಂದುಕಲ್ಲಿನ ಪಕ್ಕ ಇದರ ಗುರ್ತು ಐತೆ. ಗಡಿ ಕಲ್ಲು ಯಾರೋ ಕಿತ್ತು ಬಟ್ಟೆ ಒಗಿಯಾಕೆ ಒಯ್ದ್ರು. ಹೊಲದೋರು ಹೋದ್ರು. ಈ ಜಾಗಕ್ಕೆ ಸಾಕ್ಷಿ ಅಂತ ಉಳಿದಿರೋದು ಇದೊಂದೇ. ಸಾಕ್ಷಿ ಕೈಕಾಲು ಕಡೀಬಾರ್ದು."

ಪ್ರತಿ ವರ್ಷ ಕೇಳುವುದು ನನ್ನ ಪಾಳಿ, ಸಾಕ್ಷಿಯ ಕಥೆ ಹೇಳುವುದು ಅವರ ಪಾಳಿ. ಹಣ್ಣಿನ ಕಾಲದಲ್ಲಿ ಮಾತ್ರ ತೊಳೆದ ಹಣ್ಣನ್ನು ಸ್ಟೀಲ್ ಬೋಗುಣಿಯಲ್ಲಿ ತುಂಬಿ ಗೋಡೆಯ ಮೇಲಿಟ್ಟು ಕೂಗುವರು. ನಮ್ಮ ಕೈಯಿಂದ ಏನೂ ಮುಟ್ಟದ ಮನುಷ್ಯ ತಾನು ಕೊಡುವುದನ್ನು ಮಾತ್ರ ಒಂದು ವರ್ಷವೂ ತಪ್ಪಿಸಲಿಲ್ಲ. ಅದೂ ನನಗೆ ಸಿಟ್ಟೇ. ಆದರೂ ಹಣ್ಣು ತಿನ್ನುತ್ತಿದ್ದೆ, ಉಪ್ಪು ಹಚ್ಚಿಕೊಂಡು.

ಎರಡು ವರ್ಷದ ಹಿಂದೆ ಜೂನಿನಲ್ಲಿ ನನ್ನ ಹೆಂಡತಿ ಆ ಅಂಗಳದಲ್ಲಿ ಕಾಲು ಜಾರಿ ಬಿದ್ದಳು. ಜಿಟಿಜಿಟಿ ಮಳೆ, ಸಿಮೆಂಟಿನ ಮೇಲೆ ಕೊಳೆತ ಹಣ್ಣು. ಬಲಗೈ ಮಣಿಕಟ್ಟು ಮುರಿಯಿತು. ಒಂದೂವರೆ ತಿಂಗಳು ಪ್ಲಾಸ್ಟರು. ಆ ದಿನಗಳಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ, ಆಮೇಲೆ ಕಸ, ಆಮೇಲೆ ಬಸ್ಸು. ತರಗತಿಯಲ್ಲಿ ಕುರ್ಚಿಗೆ ಒರಗಿದರೆ ಕಣ್ಣು ಎಳೆಯುತ್ತಿತ್ತು.

ಸಾಹೇಬರು ಬಂದು ಹೆಂಡತಿಯ ಮುಂದೆ ತಲೆ ತಗ್ಗಿಸಿ ನಿಂತು, "ತಪ್ಪಾತು ತಾಯಿ" ಎಂದರು. ಮರುದಿನದಿಂದ ತಮ್ಮ ಮನೆಯ ಪೊರಕೆ ತಂದು ನಮ್ಮ ಅಂಗಳ ತಾವೇ ಗುಡಿಸತೊಡಗಿದರು. ಎಪ್ಪತ್ತರ ಹತ್ತಿರದ ಮನುಷ್ಯ, ಮಂಡಿ ನೋವು ಬೇರೆ. ನೋಡಿದ ಬೀದಿಯವರು ನನ್ನನ್ನೇ ಕೆಟ್ಟವನು ಎಂದುಕೊಳ್ಳುತ್ತಾರಲ್ಲ ಎಂದು ನನಗೆ ಇನ್ನಷ್ಟು ರೇಗಿತು.

"ಗುಡಿಸೋದು ಬೇಡ ಸಾಹೇಬ್ರೆ, ಕೊಂಬೆ ತೆಗೆಸಿ" ಎಂದೆ.

"ಒಂದಿಷ್ಟು ಟೈಂ ಕೊಡ್ರಿ."

"ಹದಿನೇಳು ವರ್ಷ ಕೊಟ್ಟಿದೀನಿ. ಇನ್ನು ಹದ್ದುಬಸ್ತಿಗೆ ಅರ್ಜಿ ಹಾಕ್ತೀನಿ. ನಿಮ್ಮ ಆಫೀಸಿನೋರೇ ಬಂದು ಅಳೆದು ಗಡಿ ತೋರಿಸಲಿ. ನಮ್ಮ ಕಡೆ ಬಂದಿದ್ದನ್ನ ನಾನೇ ಕಡಿಸ್ತೀನಿ."

ಅವರ ಮುಖ ಪೆಚ್ಚಾಯಿತು. ಪೊರಕೆ ಗೋಡೆಗೆ ಒರಗಿಸಿ ನನ್ನ ಹತ್ತಿರ ಬಂದರು.

"ಅಳತೆ ಒಂದು ಬ್ಯಾಡ ಮೇಷ್ಟ್ರೆ. ಬ್ಯಾರೆ ಏನಾದ್ರೂ ಮಾಡಾನ. ಅಳತೆ ಮಾತ್ರ ಬ್ಯಾಡ."

ಅವರು ಹೋದ ಮೇಲೆ ನನ್ನ ಹೆಂಡತಿ ಪ್ಲಾಸ್ಟರು ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನಕ್ಕಳು. "ಊರೆಲ್ಲ ಅಳೆದೋರು ತಮ್ಮ ಮನೆ ಅಳತೆಗೆ ಹೆದರ್ತಾರೆ ಅಂದ್ರೆ ಏನೋ ಐತೆ ಬಿಡ್ರಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡ್ರಂತೆ."

ನನಗೂ ಹಾಗೇ ಅನಿಸಿತು. ಮರದ ಬುಡವೇ ನಮ್ಮ ಜಾಗದಲ್ಲಿದೆ, ಸರ್ವೆಯರ್ ಆದ ಬಲದಿಂದ ನಮ್ಮದನ್ನು ನುಂಗಿ ಕೂತಿದ್ದಾರೆ, ಅದಕ್ಕೇ ನಮ್ಮ ಮನೆಯ ನೀರೂ ಒಲ್ಲರು. ಬೇಲಿಯೇ ಎದ್ದು ಹೊಲ ಮೇಯ್ದಿದೆ. ಇಷ್ಟು ವರ್ಷದ ಸುಸ್ತೆಲ್ಲ ಒಮ್ಮೆಲೇ ಹುರುಪಾಯಿತು. ಅಂದೇ ಅರ್ಜಿ ಬರೆದೆ.

ಅಳೆಯಲು ಬಂದದ್ದು ಮೂವತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಸಾಹೇಬರ ಕೈಕೆಳಗೆ ಪಳಗಿದವಳಂತೆ. ಬಂದವಳೇ ಅವರ ಕಾಲು ಮುಟ್ಟಿದಳು. ನನಗೆ ಆಗಲೇ ಅನುಮಾನ. ನಾನು ಬಿಸ್ಕತ್ತು, ಟೀ ತರಿಸಿದೆ. ಅವಳು ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದು ಎರಡು ಗುಟುಕು ಕುಡಿದು, "ಬ್ಯಾಡ ಸರ್. ಅಳತೆ ಮುಗಿಯೋವರೆಗೆ ಯಾವ ಪಾರ್ಟಿ ಮನೇದೂ ಮುಟ್ಟಬಾರ್ದು. ನಮ್ಮ ಸಾಹೇಬ್ರು ಹೇಳಿಕೊಟ್ಟಿರೋ ಪಾಠ" ಎಂದಳು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಅವಳು ಬೀದಿ ಮೂಲೆಯ ಕಲ್ಲಿನಿಂದ ಒಂದು ಸಲ, ನೇರಳೆಯ ಬುಡದಿಂದ ಒಂದು ಸಲ ಅಳೆದಳು. ಮಷೀನಿನಲ್ಲಿ ಒಮ್ಮೆ, ಟೇಪಿನಲ್ಲಿ ಒಮ್ಮೆ. ಸಾಹೇಬರು ಮಾತ್ರ ತಮ್ಮ ಕಡೆಯೇ ನಿಂತು, ಗೋಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನೆಲ ನೋಡುತ್ತಿದ್ದರು. ಮೂರನೆಯ ಸಲ ಟೇಪು ಹಿಡಿದ ಆ ಹೆಣ್ಣುಮಗಳು ನಮ್ಮ ಅಂಗಳ ದಾಟಿ, ಹಿಂಬಾಗಿಲಿನಿಂದ ಅಡುಗೆಮನೆಯೊಳಕ್ಕೆ ಬಂದು, ಗ್ಯಾಸ್ ಒಲೆಯ ಕಟ್ಟೆಯ ಹತ್ತಿರ ನಿಂತುಬಿಟ್ಟಳು.

"ಸರ್, ನಿಮ್ಮ ಹದ್ದು ಇಲ್ಲಿಗೆ ಮುಗೀತೈತೆ."

ನಾಲ್ಕೂವರೆ ಅಡಿ. ನಮಗೆ ಮನೆ ಮಾರಿದವನು ಗುರುತಿನ ಕಲ್ಲು ಇಲ್ಲದಾಗ ಕಣ್ಣಳತೆಯಲ್ಲಿ ಕಟ್ಟಿದ್ದ. ಕಾಂಪೌಂಡು ಪೂರ್ತಿ ಸಾಹೇಬರ ಜಾಗದಲ್ಲಿತ್ತು. ಅಂಗಳವೂ ಅವರದೇ, ಅಡುಗೆಮನೆಯ ಅರ್ಧ ಅಡಿಯೂ ಅವರದೇ. ಅವರ ಮರ ನನ್ನ ಅಂಗಳಕ್ಕೆ ಬಾಗಿರಲಿಲ್ಲ. ನಾನೇ ಅವರ ಮರದ ಕೆಳಗೆ ಹೋಗಿ ಸಂಸಾರ ಹೂಡಿದ್ದೆ. ಇಷ್ಟು ವರ್ಷ ಬೈದುಕೊಂಡು ಗುಡಿಸಿದ್ದು ಅವರ ನೆಲವನ್ನು. ಒಗೆಯುವ ಕಲ್ಲಿನ ಮೇಲೆ ಕೂತೆ. ಅದೂ ಅವರದೇ ಜಾಗದಲ್ಲಿತ್ತು.

"ನಿಮಗೆ ಗೊತ್ತಿತ್ತಾ?" ಎಂದು ಗೋಡೆಯಾಚೆ ನಿಂತಿದ್ದ ಸಾಹೇಬರನ್ನು ಕೇಳಿದೆ.

"ಸೈಟು ತಗಂಡ ದಿನ ಸಂಜೆ ಒಬ್ನೇ ಬಂದು ಟೇಪು ಹಿಡಿದು ನೋಡಿದ್ದೆ" ಎಂದರು. "ಒಳಗೆ ತಾಯಿ ರೊಟ್ಟಿ ಬಡೀತಿದ್ರು, ಸಪ್ಪಳ ಕೇಳ್ತಿತ್ತು. ಉರಿಯೋ ಒಲೆ ಮ್ಯಾಲೆ ಚೈನು ಎಳಿಯೋದು ಹೆಂಗೆ ರೀ? ನಾಕೂವರೆ ಅಡಿ ಒಳಗೆ ಸರಿದು ಪಾಯ ಹಾಕಿಸ್ದೆ. ಒಬ್ಬನಿಗೆ ಎಷ್ಟು ಬೇಕು ಮನೆ."

ಅವರ ಹೆಂಡತಿ ಬಹಳ ಹಿಂದೆಯೇ ತೀರಿದ್ದರು. ಒಬ್ಬಳೇ ಮಗಳು ಜಗಳೂರಿನಲ್ಲಿ ನರ್ಸು. ಒಬ್ಬನಿಗೆ ಎಂದದ್ದು ಅದಕ್ಕೆ.

ಆ ಹೆಣ್ಣುಮಗಳು ಪೆನ್ನು ಹಿಡಿದು ಕಾಯುತ್ತಿದ್ದಳು. "ಸ್ಕೆಚ್ ಬರೀಲಾ ಸರ್?" ಎಂದು ಅವರನ್ನು ಕೇಳಿದಳು. ಬರೆಯಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಬರಿ ಎನ್ನಲೂ ಇಲ್ಲ. ನನ್ನ ಕಡೆ ತಿರುಗಿ, "ಅರ್ಜಿ ನಿಮ್ದು ಮೇಷ್ಟ್ರೆ. ವಾಪಸ್ ತಗಳಾಕೆ ನಿಮಗೆ ಹಕ್ಕೈತೆ" ಎಂದರು. ನಾನು ಒಳಗೆ ಹೋಗಿ ಒಂದು ಹಾಳೆ ತಂದು, ಅಳತೆ ಬೇಡವೆಂದು ಬರೆದು ಕೊಟ್ಟೆ. ಅವಳು ಅದನ್ನು ಫೈಲಿಗೆ ಸೇರಿಸಿ ಟೇಪು ಸುತ್ತಿಕೊಂಡು ಹೊರಟಳು.

ಅವಳ ಸ್ಕೂಟಿ ಬೀದಿ ತಿರುಗಿದ ಮೇಲೆ ಸಾಹೇಬರು ಸುತ್ತು ಹಾಕಿ ನಮ್ಮ ಗೇಟಿನಿಂದ ಒಳಗೆ ಬಂದರು. ಎಂದೂ ಹೊಸ್ತಿಲು ದಾಟದವರು ಸೀದಾ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತರು.

"ಈಗ ಒಂದ್ಲೋಟ ಕಾಫಿ ಕೊಡು ತಾಯಿ. ಇಷ್ಟು ವರ್ಷ ಬ್ಯಾಡ ಅಂದು ಅಂದು ನಿನ್ನ ನೋಯಿಸ್ದೆ. ಮನಸಿನಾಗೆ ಒಂದು ಅಳತೆ ಬಾಕಿ ಇಟ್ಕಂಡು ನಿಮ್ಮನೇದು ಹೆಂಗೆ ಮುಟ್ಟಲಿ?"

ಹೆಂಡತಿ ಎಡಗೈಯಲ್ಲೇ ಕಾಫಿ ಮಾಡಿದಳು. ಅರ್ಧ ಚೆಲ್ಲಿತು. ಅವರು ಎರಡು ಲೋಟ ಕುಡಿದರು. ಅವಳು ಒಲೆಯ ಕಡೆ ಮುಖ ಮಾಡಿಕೊಂಡು ಅಳುತ್ತಿದ್ದಳು.

ಮುಂದಿನ ವಾರ ನಾನು ಶಾಲೆಯಿಂದ ಬರುವಷ್ಟರಲ್ಲಿ ಮೂರೂ ಕೊಂಬೆ ನೆಲಕ್ಕೆ ಬಿದ್ದಿದ್ದವು. ಆಳು ಕರೆಸಿ, ಮುಂದೆ ನಿಂತು, ಗೋಡೆಯ ನೇರಕ್ಕೆ ದಾರ ಕಟ್ಟಿಸಿ ಕಡಿಸಿದ್ದರು. ನಿಜವಾದ ಗಡಿ ಎಲ್ಲಿದೆ ಎಂದು ಗೊತ್ತಿದ್ದ ಮನುಷ್ಯ, ಮೂವತ್ತೈದು ವರ್ಷ ಒಂದು ತಪ್ಪು ಗೆರೆ ಎಳೆಯದ ಮನುಷ್ಯ, ನನ್ನ ಸುಳ್ಳು ಗೋಡೆಯ ಗುಂಟ ತನ್ನ ಮರ ಕಡಿಸಿದ್ದರು. ಅಂಗಳದ ತುಂಬ ಬಿಸಿಲು ಬಿದ್ದಿತ್ತು. ಆ ಬಿಸಿಲಲ್ಲಿ ನಿಲ್ಲಲು ನನಗೆ ನಾಚಿಕೆಯಾಯಿತು.

ಆಮೇಲೆ ಅವರು ಮೊದಲಿನ ಹಾಗೇ ಇದ್ದರು. ಬದಲಾದವನು ನಾನು. ಉಪಕಾರ ಮಾಡಿದವರನ್ನು ದಿನಾ ನೋಡುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ಅವರು ಕಟ್ಟೆಗೆ ಬರುವ ಹೊತ್ತಿಗೆ ನಾನು ತಲೆನೋವೆಂದು ಮಲಗುತ್ತಿದ್ದೆ. ಬೆಳಿಗ್ಗೆ ಒಂದು ಬಸ್ಸು ಮುಂಚೆ ಹೊರಡುತ್ತಿದ್ದೆ. ಹೆಂಡತಿ ಕಾಫಿ ಕೊಡುವಳು, ಅವರು ಕುಡಿದು, "ಮೇಷ್ಟ್ರು ಬಾಳ ದಣಿದಾರೆ" ಎಂದು ಎದ್ದು ಹೋಗುವರು. ಜಗಳವಾಡುತ್ತಿದ್ದಾಗ ನಾವು ದಿನಾ ಮಾತಾಡುತ್ತಿದ್ದೆವು. ಹೋದ ಮಳೆಗಾಲದಲ್ಲಿ ಎದೆನೋವೆಂದು ಮಗಳು ಜಗಳೂರಿಗೆ ಕರೆದೊಯ್ದಳು. ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ನಾನು ನೋಡಲು ಹೋಗಲಿಲ್ಲ. ಪರೀಕ್ಷೆ ಪೇಪರು ತಿದ್ದುವುದಿದೆ ಎಂದು ಹೇಳಿದೆ. ಪೇಪರು ಇದ್ದದ್ದು ನಿಜ.

ಇಷ್ಟೆಲ್ಲ ಬರೆದು ಅವರ ಹೆಸರು ಬರೆದಿಲ್ಲ. ಸತ್ತವರ ಮೇಲಿನ ಗೌರವ ಎಂದು ನೀವು ತಿಳಿದರೆ ನನಗೆ ಒಳ್ಳೆಯದೇ. ಆದರೆ ಹೆಸರು ಬರೆದರೆ ಬೀದಿ ಗೊತ್ತಾಗುತ್ತದೆ, ಬೀದಿ ಗೊತ್ತಾದರೆ ಗೋಡೆ ಗೊತ್ತಾಗುತ್ತದೆ. ಅದು ಗೊತ್ತಾಗಬಾರದು. ಯಾಕೆ ಎಂದು ಹೇಳಿ ಮುಗಿಸುತ್ತೇನೆ.

ಹೋದ ಭಾನುವಾರ ಅವರ ಮಗಳು ಬಂದಿದ್ದಳು. ಮನೆ ಮಾರುವ ಮಾತು ನಡೆದಿದೆಯಂತೆ. ನಾನು ಅಂಗಳದಲ್ಲಿದ್ದೆ. ಅವಳು ಗೋಡೆಯಾಚೆ, ಅವರು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ಮಾತಾಡಿಸಿದಳು.

"ಸರ್, ತಗೊಳ್ಳೋರು ನಮ್ಮ ಹದ್ದು ಎಲ್ಲಿವರೆಗೆ ಐತೆ ತೋರ್ಸಿ ಅಂತಿದಾರೆ. ನಂಗೆ ಅದೆಲ್ಲ ಗೊತ್ತಾಗಲ್ಲ. ಆಸ್ಪತ್ರೆನಾಗೆ ಅಪ್ಪನ್ನ ಕೇಳಿದ್ದೆ. ಮೇಷ್ಟ್ರನ್ನ ಕೇಳು, ಅವ್ರು ಎಲ್ಲಿ ಕೈ ತೋರಿಸ್ತಾರೋ ಅಲ್ಲಿಗೆ ನಮ್ದು ಅಂತ ಒಪ್ಕೋ ಅಂದ್ರು. ನೀವೇ ಹೇಳ್ಬೇಕು ಸರ್."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಕಿಟಕಿಯಲ್ಲಿ ನನ್ನ ಹೆಂಡತಿಯ ಮುಖ ಕಾಣುತ್ತಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ನಿಜ ಹೇಳಲು ಒಂದೇ ಒಂದು ಮಾತು ಸಾಕಿತ್ತು. ಆದರೆ ಆ ಮಾತಿನ ಹಿಂದೆ ಒಡೆಯಬೇಕಾದ ಗೋಡೆ, ಕೀಳಬೇಕಾದ ಒಲೆಕಟ್ಟೆ, ಹೊಸ ಯಜಮಾನ, ಹೊಸ ಅರ್ಜಿ ಎಲ್ಲ ಕಂಡವು. ನನಗೆ ತುಂಬ ದಣಿವಾಗಿತ್ತು.

ನಾನು ಕೈ ಎತ್ತಿ ಗೋಡೆ ತೋರಿಸಿದೆ.

"ಬಾಳ ಉಪಕಾರ ಆತು ಸರ್" ಎಂದು ಅವಳು ಎರಡೂ ಕೈ ಜೋಡಿಸಿ ನನಗೆ ಮುಗಿದಳು.